ಕದಿರಮ್ಮನ ಕಡುಗೆಂಪು ಗುಲಾಬಿ

ಹಿಂದೂಪುರದ ನಮ್ಮ ಬೀದಿಗೆ ರಂಗಲಕ್ಷ್ಮಮ್ಮನೇ ಪಂಚಾಂಗ. ಯಾರ ಮನೆಯಲ್ಲಿ ಸಾವಾದರೂ ಎಷ್ಟು ದಿನ ಸೂತಕ, ಏನನ್ನು ಮುಟ್ಟಬಾರದು ಎಂದು ಕೇಳದಿದ್ದರೂ ಬಂದು ಹೇಳುತ್ತಿದ್ದಳು. ಪಕ್ಕದ ಮನೆಯವಳಾದ ನನಗೆ ಅವಳ ಮೇಲೆ ಸಿಟ್ಟೂ ಇತ್ತು, ಸಲಿಗೆಯೂ ಇತ್ತು. ಆದರೆ ಊರಿಗೆ ಹೇಳಿದ್ದನ್ನು ತಾನೂ ಚಾಚೂ ತಪ್ಪದೆ ಮಾಡುತ್ತಿದ್ದಳು, ಅದನ್ನು ಒಪ್ಪಬೇಕು.

ಅವಳ ತವರು ಕಲ್ಯಾಣದುರ್ಗದ ಹತ್ತಿರದ ಹಳ್ಳಿ. ಅಲ್ಲಿ ಹೂವಿನ ಗಿಡಕ್ಕೆ ಸುರಿಯುವಷ್ಟು ನೀರು ಯಾರ ಮನೆಯಲ್ಲೂ ಇರಲಿಲ್ಲ, ಹೂಗಿಡದ ವಿಷಯ ಅವಳಿಗೆ ತಿಳಿಯದು. ಗುಲಾಬಿಯ ಹುಚ್ಚು ಇದ್ದದ್ದು ಮಗಳು ಕದಿರಮ್ಮನಿಗೆ. ಹೂದೋಟದ ಬೈಲಪ್ಪನಿಂದ ಕಸಿ ಗಿಡ ತಂದು, ತಳ ತೂತು ಮಾಡಿದ ಎಣ್ಣೆ ಡಬ್ಬಿಯಲ್ಲಿ ನೆಟ್ಟಳು. ಕಪ್ಪೇ ಅನ್ನಬೇಕು, ಅಂಥ ಕೆಂಪು ಹೂವು. ಹೆಣ್ಣು ನೋಡಲು ಬಂದವರ ಮುಂದೆ ಮಲ್ಲಿಗೆ ಬೇಡವೆಂದು ಅದನ್ನೇ ಮುಡಿದಿದ್ದಳು.

ಎಂಬತ್ತಾರರ ಏಪ್ರಿಲ್‌ನಲ್ಲಿ ಕದಿರಮ್ಮ ಕಾಮಾಲೆಯಿಂದ ಸತ್ತಳು. ಹತ್ತೊಂಬತ್ತು ವರ್ಷ.

ಮೂರನೇ ದಿನ ಗಿಡ ಬಿಸಿಲಿಗೆ ಬಾಡಿದ್ದು ಕಂಡು ಚೊಂಬಿನಲ್ಲಿ ನೀರು ತೆಗೆದುಕೊಂಡು ಹೋದೆ. ರಂಗಲಕ್ಷ್ಮಮ್ಮ ಒಳಗಿನಿಂದಲೇ ಕೂಗಿದಳು.

"ಮುಟ್ಬ್ಯಾಡ ಕಣಮ್ಮ! ಸೂತಕದಾಗೆ ಹೂವಿನ ಗಿಡ ಮುಟ್ಟಿದ್ರೆ ಸುಟ್ಟೋಯ್ತದೆ. ಅವಳ್ದು ಅಂತ ಅದೊಂದೇ ಉಳ್ದಿರಾದು."

ನಾಲ್ಕು ಮಾತು ಬೈದು ನೀರು ಸುರಿದೇ ಬರಬೇಕಿತ್ತು. ಸಾವಿನ ಮನೆ ಎಂದು ಬಾಯಿ ಮುಚ್ಚಿಕೊಂಡು ಬಂದೆ.

ಸೂತಕ ಕಳೆದ ದಿನ ರಂಗಲಕ್ಷ್ಮಮ್ಮ ತಲೆಗೆ ನೀರು ಹಾಕಿಕೊಂಡವಳು ನೇರ ಗಿಡದ ಹತ್ತಿರ ಹೋದಳು. ಎಲೆ ಉದುರಿ ಬರೀ ಕಡ್ಡಿ ನಿಂತಿತ್ತು. ಅವತ್ತಿನಿಂದ ದಿನಕ್ಕೆರಡು ಸಲ ನೀರು. ತಿಂಗಳಾಗುವಷ್ಟರಲ್ಲಿ ಬುಡದಿಂದ ಹಸಿರು ಚಿಗುರೊಡೆಯಿತು.

"ನೇಮ ತಪ್ಪಲಿಲ್ಲ, ಅದ್ಕೇ ಉಳ್ಕಂತು" ಎಂದು ಬೀದಿಗೆಲ್ಲ ಕರೆದು ತೋರಿಸಿದಳು. ಒಣಗಿದ ಕಡ್ಡಿಯನ್ನು ಕತ್ತರಿಸಿ ಎಸೆದಳು. ಚಿಗುರು ಆಳೆತ್ತರ ಬೆಳೆಯಿತು. ಅದನ್ನು ಕದಿರಿ ಎಂದೇ ಕರೆಯುತ್ತಿದ್ದಳು, ಊಟ ಮಾಡಿದ್ದು, ನೆಂಟರು ಬಂದದ್ದು, ಎಲ್ಲ ಅದಕ್ಕೆ ಹೇಳುತ್ತಿದ್ದಳು.

ಒಂದೂವರೆ ವರ್ಷದ ಮೇಲೆ ಹೂವಾಯಿತು. ಹೆಬ್ಬೆರಳಿನ ಉಗುರಿನಷ್ಟಗಲದ, ಬಿಳಿಚಿಕೊಂಡ ಹೂವುಗಳ ಗೊಂಚಲು.

"ನನ್ಮ್ಯಾಗೆ ಅವಳಿಗೆ ಸಿಟ್ಟು" ಎಂದು ವಾರವೆಲ್ಲ ಅತ್ತಳು. ನೋಡಲಾರದೆ ನಾನೇ ಬೈಲಪ್ಪನನ್ನು ಕರೆತಂದೆ. ಅವನು ಬಗ್ಗಿ ಬುಡ ನೋಡಿದ.

"ಇದು ಕಾಡುಗುಲಾಬಿ ತಾಯಿ. ಇದರ ಬುಡಕ್ಕೇ ನಾನು ಕೆಂಪಿಂದು ಕಸಿ ಕಟ್ಟಿದ್ದೆ. ಮ್ಯಾಲಿಂದು ಸತ್ತೋಗೈತೆ."

"ಯಾವಾಗ?" ರಂಗಲಕ್ಷ್ಮಮ್ಮ ಕೇಳಿದಳು.

"ಬಿಸ್ಲಾಗೆ ನೀರಿಲ್ದೆ ಒಣಗ್ತಲ್ಲ, ಆವಾಗ್ಲೇ."

"ಆವಾಗ ನೀರು ಹಾಕಿದ್ರೆ?"

ಸುಳ್ಳು ಹೇಳೋ ಪುಣ್ಯಾತ್ಮ ಎಂದು ಹಿಂದಿನಿಂದ ಕೈಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ.

"ದಿನಾ ಒಂದ್ ಚೊಂಬು ಹಾಕಿದ್ರೂ ಉಳ್ಕಂತಿತ್ತು ಕಣಮ್ಮ."

ರಂಗಲಕ್ಷ್ಮಮ್ಮ ಮೆಟ್ಟಿಲ ಮೇಲೆ ಕೂತಳು. ಬೈಲಪ್ಪ ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಹನ್ನೊಂದ್ ದಿನಾನೂ ಕಿಟಕೀಲಿ ಅದನ್ನೇ ನೋಡ್ತಾ ಕೂತಿದ್ನಲ್ಲಮ್ಮ" ಎಂದಳು. "ಪಕ್ಕದಾಗೇ ನೀರಿನ ಕೊಡ ಇತ್ತು."