ಚಿಮಣಿ ಪಕ್ಕದ ಕಂಬ

ಲೈನ್‌ಮನ್ ದುರುಗಪ್ಪನಿಗೆ ಬದುಕು ವರ್ಷಗಳ ಲೆಕ್ಕದಲ್ಲಿ ನೆನಪಿರಲಿಲ್ಲ, ಕಂಬಗಳ ಲೆಕ್ಕದಲ್ಲಿತ್ತು. ಮಾಗಳದಲ್ಲಿ ಹೊಳೆಗಿಳಿಯುವ ದಾರಿಯ ಕಂಬ ಅವನು ಮೊದಲ ಸಲ ಹತ್ತಿದ್ದು. ಮೈಲಾರದ ಹಾದಿಯ ಜೋಡಿ ಕಂಬ, ಮೇಲಿಂದ ಬಿದ್ದು ಎಡಗೈ ಮುರಿದುಕೊಂಡದ್ದು. ಹರಪನಹಳ್ಳಿಯಿಂದ ಚಿಗಟೇರಿಗೆ ಹೋಗುವಾಗ ಸಿಗುವ ಹಳೇ ಎಣ್ಣೆಗಿರಣಿಯ ಚಿಮಣಿ ಪಕ್ಕದ ಕಂಬವಂತೂ ಮಗಳು ಯಶೋಧರಾ ಹುಟ್ಟಿದ್ದು. ಅವನು ಅದರ ತುದಿಯಲ್ಲಿದ್ದಾಗಲೇ ಗಿರಣಿಯ ಗುಮಾಸ್ತ ಉಜ್ಜಿನಪ್ಪ ಕೆಳಗೆ ನಿಂತು, "ಲೇ ದುರುಗಾ, ಹೆಣ್ಣು ಹುಟ್ಟೈತಂತ, ಇಳದು ಬಾರಲೇ!" ಎಂದು ಕೂಗಿದ್ದ. ಕೆಲಸ ಮುಗಿಸಿಯೇ ಇಳಿದೆ ಎಂದು ದುರುಗಪ್ಪ ಇಪ್ಪತ್ನಾಲ್ಕು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ. ಗಿರಣಿ ಮುಚ್ಚಿತು, ಗೋಡೆಗಳು ಬಿದ್ದವು, ಉಜ್ಜಿನಪ್ಪನೂ ತೀರಿಕೊಂಡ. ಚಿಮಣಿ ಮಾತ್ರ ಹಾಗೇ ನಿಂತಿತ್ತು.

ಆ ಬುಧವಾರ ನಸುಕಿನಲ್ಲಿ ಚಿಮಣಿ ಪಕ್ಕದ ಕಂಬದ ಮೇಲೆ ಕಿಡಿ ಹಾರುತ್ತಿದೆ ಎಂದು ಹೊಲದವರು ಫೋನು ಮಾಡಿದ್ದರು. ಬಿಸಿಲೇರುವ ಹೊತ್ತಿಗೆ ದುರುಗಪ್ಪ ಬಂದು ನಿಂತ. ಜೊತೆಗೆ ಭೀಮೇಶ ಇದ್ದ. ಭೀಮೇಶ ಅವನ ಅಕ್ಕನ ಮಗ, ಯಶೋಧರಾಳ ಗಂಡ, ನೌಕರಿಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ.

ತಂತಿ ಮುಟ್ಟುವ ಮೊದಲು ಸಬ್‌ಸ್ಟೇಷನ್ನಿಗೆ ಹೇಳಿ ಆ ಲೈನನ್ನು ಬಂದ್ ಮಾಡಿಸಬೇಕು. ದುರುಗಪ್ಪ ಫೋನು ಹಚ್ಚಿದ. ಅತ್ತಕಡೆ ಹೊಸದಾಗಿ ಬಂದ ಆಪರೇಟರ್ ಸುಮಲತಾ.

"ಚಿಗಟೇರಿ ಲೈನ್ ಬಂದ್ ಮಾಡವ್ವಾ. ಚಿಮಣಿ ಕಂಬದ ಹತ್ರ ಅದೀನಿ."

"ಕಂಬದ ನಂಬರ್ ಹೇಳ್ರಿ ಅಣ್ಣಾರ."

"ನಂಬರ್ ತಗೊಂಡು ಏನ್ ಮಾಡ್ತಿ? ನೀ ಹುಟ್ಟೋಕಿಂತ ಮೊದ್ಲು ಹತ್ತಿದ ಕಂಬ ಇದು!"

"ಈಗ ನಂಬರ್ ಬರೀಬೇಕಂತ ಆರ್ಡರ್ ಐತ್ರಿ."

"ಆ ಆರ್ಡರ್ ಮಾಡಿದವ್ನ ಒಮ್ಮೆ ಇಲ್ಲಿ ಹತ್ತಿಸ್ರಿ, ಗೊತ್ತಾಕ್ಕತಿ! ಬಂದ್ ಮಾಡ್ತಿಯೋ, ಸಾಹೇಬ್ರಿಗೆ ಫೋನ್ ಹಚ್ಚಲೋ?"

ಸುಮಲತಾ, "ಚಿಗಟೇರಿ ಲೈನ್ ಬಂದ್ ಮಾಡೀನ್ರಿ. ನಂಬರ್ ನೋಡಿ ಆಮೇಲರ ಹೇಳ್ರಿ," ಎಂದು ಫೋನಿಟ್ಟಳು.

ಬಂದ್ ಆದಮೇಲೂ ಒಂದು ಕೆಲಸ ಉಳಿಯುತ್ತದೆ. ನೆಲಕ್ಕೆ ತಂತಿ ಕೂಡಿಸಿದ ಉದ್ದನೆಯ ಅರ್ತಿಂಗ್ ರಾಡನ್ನು ತಂತಿಗಳಿಗೆ ತಾಗಿಸಿ ಕರೆಂಟು ನಿಜವಾಗಿ ಹೋಗಿದೆಯೇ ಎಂದು ನೋಡಬೇಕು. ಆ ರಾಡು ಇನ್ನೊಂದು ತಂಡದವರ ಜೀಪಿನಲ್ಲಿ ಹಡಗಲಿಗೆ ಹೋಗಿತ್ತು.

"ರಾಡ್ ಇಲ್ಲಲ್ಲ ಮಾವ?" ಎಂದ ಭೀಮೇಶ.

"ಬಂದ್ ಆಗೈತಿ ಅಂದಾಳಲ್ಲ, ಹತ್ತಲೇ! ಅಂಜಿಬುರುಕ. ನನ್ನ ಮಗಳು ನಿನ್ನ ಏನ್ ನೋಡಿ ಒಪ್ಪಿದಳೋ!"

ಭೀಮೇಶ ನಕ್ಕ. ಮಾವನ ಬೈಗುಳ ಅವನಿಗೆ ಎರಡು ಹೊತ್ತಿನ ಊಟವಿದ್ದ ಹಾಗೆ. ಸೊಂಟಕ್ಕೆ ಬೆಲ್ಟು ಬಿಗಿದು ಹತ್ತತೊಡಗಿದ.

ಕೆಳಗೆ ದುರುಗಪ್ಪನ ಸಿಟ್ಟು ಇಳಿದಿರಲಿಲ್ಲ. ನಿನ್ನೆ ಮೊನ್ನೆ ಬಂದ ಹುಡುಗಿ ನನಗೆ ನಂಬರ್ ಕೇಳುತ್ತಾಳೆ! ಓದಿ ಅವಳ ಮೋರೆಗೆ ಎಸೆದೇಬಿಡೋಣ ಎಂದು ಕಂಬದ ಹಿಂದಕ್ಕೆ ಹೋದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೂ ಅಕ್ಷರ ಕೂಡಿಸಬಲ್ಲ. ಹಳದಿ ತಗಡಿನ ಮೇಲೆ ಕರಿ ಬಣ್ಣದಲ್ಲಿ 'ಕೊ–೪೧' ಎಂದು ಬರೆದಿತ್ತು.

ಚಿಗಟೇರಿ ಲೈನಾದರೆ 'ಚಿ' ಇರಬೇಕಿತ್ತು. ಕೊ ಅಂದರೆ ಕೊಟ್ಟೂರು.

ದುರುಗಪ್ಪ ತಲೆಯೆತ್ತಿ ನೋಡಿದ. ಕಂಬ ಹೊಸದು, ಸಿಮೆಂಟಿನ ಬಿಳುಪು ಕೂಡ ಮಾಸಿರಲಿಲ್ಲ. ರಸ್ತೆಯ ಆಚೆ, ಹೊಲದ ಬದುವಿನ ಮೇಲೆ ಇನ್ನೊಂದು ಸಾಲು ಕಂಬಗಳಿದ್ದವು. ರಸ್ತೆ ಅಗಲ ಮಾಡುವಾಗ ಚಿಗಟೇರಿ ಲೈನನ್ನು ಆ ಕಡೆ ಸರಿಸಿ, ಕೊಟ್ಟೂರಿನದನ್ನು ಈ ಕಡೆ ಎಳೆದಿದ್ದರು. ಆ ಎರಡು ವರ್ಷ ಅವನು ಹಗರಿಬೊಮ್ಮನಹಳ್ಳಿಯಲ್ಲಿದ್ದ, ತಿರುಗಿ ಬಂದು ಒಂದು ತಿಂಗಳಾಗಿತ್ತು. ಚಿಮಣಿ ಕಂಡಿತು, ಅದರ ಪಕ್ಕದಲ್ಲಿ ಒಂದು ಕಂಬ ಕಂಡಿತು, ಅಷ್ಟಕ್ಕೇ ನಂಬಿಬಿಟ್ಟಿದ್ದ.

ಮೇಲಿನ ತಂತಿಯಲ್ಲಿ ಹನ್ನೊಂದು ಸಾವಿರ ವೋಲ್ಟು ಹರಿಯುತ್ತಿತ್ತು. ಭೀಮೇಶನ ತಲೆಗೂ ಅದಕ್ಕೂ ಎರಡು ಮಾರು ಉಳಿದಿತ್ತು.

"ಲೇ ಭೀಮ್ಯಾ, ಇಳಿಯಲೇ! ಇಳಿ!"

"ಈಗ ಹತ್ತು ಅಂದಿ, ಈಗ ಇಳಿ ಅಂತಿ," ಭೀಮೇಶ ಕೆಳಗೆ ನೋಡದೆಯೇ ಇನ್ನೊಂದು ಹೆಜ್ಜೆ ಮೇಲಿಟ್ಟ. "ಬಯ್ಯಾದು ಊಟದ ಹೊತ್ತಿಗೆ ಇಟ್ಗೋ ಮಾವ."

"ಲೇ, ನಿನ್ನ... ಇಳಿಯೋ ಮಗನಾ!"

"ಆತು ಆತು!"

ಮತ್ತೊಂದು ಹೆಜ್ಜೆ. ಗಾಬರಿಯಲ್ಲಿ ದುರುಗಪ್ಪನ ಬಾಯಿಗೆ ಕರೆಂಟ್ ಎಂಬ ಮಾತೇ ಬರಲಿಲ್ಲ, ಬೈಗುಳವಷ್ಟೇ ಬಂತು. ದಿನಾ ಬೆಳಗಾದರೆ ಕೂಗುವ ಗಂಟಲು ಅವನದು. ಸ್ಪ್ಯಾನರ್ ತಾರಲೇ ಅನ್ನುವುದಕ್ಕೂ ಅದೇ ಕೂಗು, ಸಾಯ್ತೀಯಲೇ ಅನ್ನುವುದಕ್ಕೂ ಅದೇ ಕೂಗು. ಹುಡುಗ ಯಾವುದನ್ನು ನಂಬಬೇಕು? ಭೀಮೇಶ ಮೇಲಿನ ಅಡ್ಡಪಟ್ಟಿ ಹಿಡಿಯಲು ಬಲಗೈ ಎತ್ತಿದ.

ದುರುಗಪ್ಪ ಎರಡೂ ಕೈ ಜೋಡಿಸಿದ. ದನಿ ತಗ್ಗಿಸಿದ.

"ಭೀಮೇಶಪ್ನೋರೇ," ಎಂದ. "ಕೈ ಮುಂದ ಮಾಡಬ್ಯಾಡ್ರಿ. ಹಂಗ ನಿಂದರ್ರಿ."

ಎತ್ತಿದ ಕೈ ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಲೇ ಎಂದವನು, ಮದುವೆಯ ಚಪ್ಪರದಲ್ಲೂ ಲೇ ಎಂದವನು, ಈಗ 'ರಿ' ಎನ್ನುತ್ತಿದ್ದಾನೆ. ಭೀಮೇಶ ಮೊದಲ ಸಲ ಕೆಳಗೆ ನೋಡಿದ. ಕೈಮುಗಿದು ನಿಂತ ಮಾವನನ್ನು ಕಂಡು ಅವನ ಮುಖದ ನಗು ಹೋಯಿತು.

"ಯಾಕ ಮಾವ?"

"ಕರೆಂಟ್ ಐತಿ. ಮೆಲ್ಲಕ ಇಳೀರಿ."

ಭೀಮೇಶ ಒಂದೊಂದೇ ಹೆಜ್ಜೆ ಇಳಿದ. ನೆಲ ಮುಟ್ಟಿದವನೇ ಕಂಬದ ಬುಡದಿಂದ ದೂರ ನಡೆದು, ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ದುರುಗಪ್ಪ ಹತ್ತಿರ ಹೋದಾಗ ಅವನು ಸೊಂಟದ ಬೆಲ್ಟು ಬಿಚ್ಚಿ ಮಣ್ಣಿಗೆ ಹಾಕಿದ. ಅವನು ಬೈದಿದ್ದರೆ ವಾಸಿಯಿತ್ತು ಅನ್ನಿಸಿತು ದುರುಗಪ್ಪನಿಗೆ.

ರಾಡು ಬರಲು ಎರಡು ತಾಸು ಹಿಡಿಯಿತು. ಭೀಮೇಶನೇ ಫೋನು ಹಚ್ಚಿದ, ನಂಬರ್ ಓದಿದ, ಕೊಟ್ಟೂರು ಲೈನ್ ಬಂದ್ ಮಾಡಿಸಿದ. ಮೂರೂ ತಂತಿಗೆ ರಾಡು ತಾಗಿಸಿ ಸಿಕ್ಕಿಸಿದ. ಆಮೇಲೆ ಬೆಲ್ಟಿಗೆ ಕೈ ಹಾಕಿದ.

ದುರುಗಪ್ಪ ಅದನ್ನು ಅವನ ಕೈಯಿಂದ ಕಸಿದುಕೊಂಡ. "ನೀ ಬ್ಯಾಡ. ನಾ ಹತ್ತತೀನಿ."

ಐವತ್ತು ದಾಟಿದ ಮೈ, ಅರ್ಧಕ್ಕೇ ಏದುಸಿರು. ತುದಿ ಮುಟ್ಟಿ, ಕಿಡಿ ಹಾರಿಸುತ್ತಿದ್ದ ಬಿರುಕುಬಿಟ್ಟ ಪಿಂಗಾಣಿ ಬಿಲ್ಲೆಯ ಮುಂದೆ ಕೈ ಚಾಚಿ, ಹಾಗೇ ನಿಂತುಬಿಟ್ಟ. ಬೆರಳು ಮುಂದೆ ಹೋಗಲಿಲ್ಲ.

"ಮುಟ್ಟು ಮಾವ, ಸತ್ತೈತಿ ಲೈನು. ರಾಡ್ ಹಾಕೀನಿ, ಕಾಣಂಗಿಲ್ಲೇನು?"

"ಕಾಣತೈತಿ."

"ಮತ್ತ?"

"ಆ ಹುಡುಗಿಗೆ ನಂಬರ್ ಹೇಳಿ ಇನ್ನೊಮ್ಮೆ ಕೇಳಪ್ಪ," ಎಂದ ದುರುಗಪ್ಪ ಮೇಲಿನಿಂದ, ಕೂಗದೆ.

ಭೀಮೇಶ ಮತ್ತೆ ಫೋನು ಹಚ್ಚಿದ.