ಹಂಪಿ ಮರತಬಿಡು ವೈನಿ

ಖಾನಾಪುರದ ಗಂಡನ ಮನೆ ಬಿಟ್ಟು ಒಬ್ಬಳೇ ಬಂದು ಬೆಳಗಾವಿಯ ಮಹಾಂತೇಶ ನಗರದಲ್ಲಿ ಮಾಳಿಗೆ ಮೇಲಿನ ಎರಡು ಕೋಣೆ ಬಾಡಿಗೆ ಹಿಡಿದಾಗ ಮಳೆಗಾಲ ಮುಗಿದಿತ್ತು. ಜಗಳವೇನೂ ಆಗಿರಲಿಲ್ಲ. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ನನ್ನ ಗಂಡ, ‘ನಾವು ಬ್ಯಾರೆ ಆಗೂದು ಚೊಲೋ ಅನಸ್ತೈತಿ ನನಗ’ ಎಂದರು. ‘ಹೂಂ’ ಎಂದೆ. ಯಾಕೆ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕಪ್ಪು-ಬಸಿ ತೊಳೆದಿಟ್ಟು ಮಚ್ಛೆಯ ಬಸ್ಸು ಹಿಡಿದೆ. ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಹೈಡ್ರಾಲಿಕ್ ಸಿಲಿಂಡರುಗಳ ಡ್ರಾಯಿಂಗ್ ಮಾಡುವುದು ನನ್ನ ಕೆಲಸ. ಆ ದಿನದ ಡ್ರಾಯಿಂಗಿನಲ್ಲಿ ಒಂದು ತಪ್ಪೂ ಇರಲಿಲ್ಲ.

ಹೊಸ ಮನೆಯಲ್ಲಿ ನಿಂತುಕೊಂಡೇ ಉಣ್ಣುತ್ತಿದ್ದೆ. ಕುಳಿತುಕೊಳ್ಳಬೇಕೆಂದರೆ ಎಲ್ಲಿ ಕುಳಿತುಕೊಳ್ಳಬೇಕು ಎಂದು ಯೋಚಿಸಬೇಕಾಗುತ್ತಿತ್ತು. ಅಳು ಬರುತ್ತಿರಲಿಲ್ಲ. ಅಕ್ಕಪಕ್ಕದವರು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ, ಕಾರ್ಖಾನೆಯಲ್ಲಿ ಎಲ್ಲರೂ ನಕ್ಕಾಗ ನಗುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ನನ್ನ ನಾದಿನಿ ಬಂದಳು. ನನ್ನ ಗಂಡನ ತಂಗಿ, ನನಗಿಂತ ಬಹಳ ಚಿಕ್ಕವಳು, ಇನ್ನೂ ಮದುವೆಯಾಗಿರಲಿಲ್ಲ. ಖಾನಾಪುರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಳು. ನಾನು ಅಲ್ಲಿ ಬಿಟ್ಟುಬಂದ ಸೀರೆಗಳನ್ನು ಒಂದು ಚೀಲದಲ್ಲಿ ತುಂಬಿಕೊಂಡು, ಬೆನ್ನಿಗೆ ಲ್ಯಾಪ್‌ಟಾಪು ಹಾಕಿಕೊಂಡು ಬಂದಿದ್ದಳು. ಸೀರೆ ಕೊಟ್ಟು ಹೋಗುತ್ತಾಳೆ ಅಂದುಕೊಂಡೆ. ಅವಳು ಚಾಪೆ ಹಾಸಿ ಕುಳಿತಳು.

‘ಮನ್ಯಾಗ ಏನ್ ಹೇಳಿ ಬಂದಿ?’

‘ಸರಕಾರಿ ನೌಕರಿ ಪರೀಕ್ಷಾದ್ದು ಕೋಚಿಂಗ್ ಐತಿ ಅಂತ ಹೇಳೇನಿ. ನೀ ಏನೂ ಮಾತಾಡಬ್ಯಾಡ ವೈನಿ. ಬಾ, ಆಟಾ ಆಡೂಣು.’ ಅಣ್ಣನ ಹೆಂಡತಿಯಾದ ನನ್ನನ್ನು ಅವಳು ವೈನಿ ಎಂದೇ ಕರೆಯುತ್ತಿದ್ದಳು.

ಲ್ಯಾಪ್‌ಟಾಪಿನಲ್ಲಿ ಅವಳು ತೆರೆದ ಆಟ ನನಗೆ ಹೊಸದಲ್ಲ. ಖಾನಾಪುರದಲ್ಲಿ ಅವಳು ಆಡುವಾಗ ಪಕ್ಕದಲ್ಲಿ ಕುಳಿತು ಸೊಪ್ಪು ಸೋಸುತ್ತ ನೋಡಿದ್ದೆ. ಇಡೀ ಹಿಂದೂಸ್ಥಾನದ ನಕಾಶೆ, ಬಣ್ಣಬಣ್ಣದ ರಾಜ್ಯಗಳು. ಒಂದನ್ನು ಆರಿಸಿಕೊಂಡು ಆಳಬೇಕು. ನಮ್ಮ ಸರದಿ ಮುಗಿದ ಮೇಲೆ ಉಳಿದ ರಾಜರ ಸರದಿಯನ್ನು ಯಂತ್ರವೇ ಆಡುತ್ತದೆ. ಅವಳು ಯಾವಾಗಲೂ ಬಿಜಾಪುರವನ್ನೋ ಮೊಗಲರನ್ನೋ ಹಿಡಿಯುತ್ತಿದ್ದಳು. ಅವತ್ತು ನನಗೆ ಕೊಟ್ಟದ್ದು ಹಂಪಿ ಬಿದ್ದ ಮೇಲಿನ ವಿಜಯನಗರ. ರಾಜಧಾನಿ ಪೆನುಗೊಂಡೆಗೆ ಓಡಿಹೋಗಿದೆ. ಬಡಗಲ ಕಡೆ ಬಿಜಾಪುರ, ಗೋಲ್ಕೊಂಡ. ತೆಂಕಲ ಕಡೆ ಮಾತು ಕೇಳದ ನಾಯಕರು.

ಮೊದಲ ಸಲ ನಾನು ಇದ್ದ ದಂಡನ್ನೆಲ್ಲ ಕೂಡಿಸಿ ಹಂಪಿಯ ಕಡೆ ನಡೆಸಿದೆ. ಚಹಾ ಆರುವುದರೊಳಗೆ ಪೆನುಗೊಂಡೆಯೂ ಹೋಯಿತು. ಎರಡನೆಯ ಸಲವೂ ಅದನ್ನೇ ಮಾಡಿದೆ.

‘ಹಂಪಿ ಮರತಬಿಡು ವೈನಿ,’ ಎಂದಳು. ‘ಎಲ್ಲಾರೂ ಇದ ತಪ್ಪ ಮಾಡ್ತಾರ. ನಕಾಶೆದಾಗ ಹಂಪಿ ಕಂಡಕೂಡ್ಲೆ ಅದು ನಮ್ದು ಅನಸ್ತೈತಿ. ಈಗ ನಮ್ದಲ್ಲ ಅದು. ನಮ್ದ ಏನ್ ಉಳದೈತಿ ಅಷ್ಟ ನೋಡು.’

ಆಮೇಲೆ ಸಾವಕಾಶ ಒಂದೊಂದೇ ಹೇಳಿಕೊಟ್ಟಳು. ದಂಡು ದೊಡ್ಡದಿದ್ದಷ್ಟೂ ಬೊಕ್ಕಸ ಬೇಗ ಬರಿದಾಗುತ್ತದೆ. ಅರ್ಧ ದಂಡನ್ನು ಮನೆಗೆ ಕಳಿಸಿ, ಉಳಿದದ್ದನ್ನು ಗುಡ್ಡದ ಮೇಲಿನ ಕೋಟೆಗಳಲ್ಲಿ ಮಾತ್ರ ಇಡಬೇಕು. ಬಯಲಿನಲ್ಲಿ ಎಂದೂ ಎದುರಾಗಬಾರದು. ಬಿಜಾಪುರ ಕೇಳುವ ಮೊದಲೇ ಕಪ್ಪ ಕಳಿಸಬೇಕು. ಕೇಳಿದ ಮೇಲೆ ಕೊಟ್ಟರೆ ಎರಡು ಪಟ್ಟು ಕೇಳುತ್ತಾರೆ.

‘ಮದುರೈದವ್ರು ತಿರುಗಿ ಬೀಳಾಕತ್ತಾರ. ದಂಡ ಕಳಸ್ಲೇನು?’ ಎಂದೆ.

‘ಬಿಟ್ಟಬಿಡು. ನೀನ ಕರದು, ಸ್ವತಂತ್ರ ಆಗ್ರಿ ಅಂತ ಹೇಳು. ನೀನಾಗೇ ಬಿಟ್ರ ದೋಸ್ತ್ ಆಗಿ ಉಳೀತಾರ. ಬಡದಾಡಿ ಬಿಟ್ರ ವೈರಿ ಆಗ್ತಾರ.’

ಅವಳು ಆಟದ ಬಗ್ಗೆಯೇ ಹೇಳುತ್ತಿದ್ದಳು. ಒಂದು ಹೇಳಿ ಇನ್ನೊಂದನ್ನು ಸೂಚಿಸುವ ಸ್ವಭಾವ ಅವಳದಲ್ಲ. ಆದರೆ ಆಟದಲ್ಲಿ ಇಕ್ಕೇರಿಯ ನಾಯಕರಿಂದ ಲಗ್ನದ ಸಂಬಂಧ ಕೇಳಿಕೊಂಡು ಓಲೆ ಬಂದಾಗ ಮಾತ್ರ ಅವಸರದಲ್ಲಿ ಅದನ್ನು ಮುಚ್ಚಿ, ‘ಇದು ಈಗ ಬ್ಯಾಡ’ ಎಂದಳು. ಅದು ಒಳ್ಳೆಯ ಸಂಬಂಧವಾಗಿತ್ತು ಎಂದು ನನಗೆ ಆಗಲೇ ಗೊತ್ತಿತ್ತು.

ಭಾನುವಾರಗಳು ಹೀಗೆ ಸಾಗಿದವು. ಅವಳು ಬರುವ ಹೊತ್ತಿಗೆ ಝುಣಕ ಮಾಡಿಡಲು ಶುರುಮಾಡಿದೆ. ಅವಳಿದ್ದಾಗ ಕುಳಿತು ಉಣ್ಣುತ್ತಿದ್ದೆ. ವರ್ಷ ದಾಟಿದ ಮೇಲೆ ಕೋರ್ಟಿನಲ್ಲಿ ವಿಚ್ಛೇದನದ ಕೆಲಸವೂ ಮುಗಿಯಿತು. ಆ ದಿನ ನನ್ನ ಗಂಡ ವಕೀಲರ ಜೊತೆ ನಿಂತಿದ್ದರು. ಅತ್ತೆ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿದ್ದ ನಾದಿನಿ ನನ್ನನ್ನು ಬಹಳ ದಿನದಿಂದ ನೋಡದವರ ಹಾಗೆ ನೋಡಿದಳು. ಸಹಿ ಮಾಡಿ ಹೊರಬಂದಾಗ ಅತ್ತೆ, ‘ಊಟ ಆತೇನ?’ ಎಂದರು. ‘ಆತ್ರಿ’ ಎಂದೆ. ಆಗಿರಲಿಲ್ಲ. ಮಧ್ಯಾಹ್ನ ಕಾರ್ಖಾನೆಗೆ ಹೋಗಿ ಸಿಲಿಂಡರಿನ ಎಣ್ಣೆ ಸೋರದಂತೆ ತಡೆಯುವ ಒಂದು ಸೀಲಿನ ಅಳತೆ ತಿದ್ದಿದೆ.

ಮುಂದಿನ ಭಾನುವಾರ ನಾದಿನಿ ಬಾಗಿಲಲ್ಲೇ ನಿಂತು ಕೇಳಿದಳು. ‘ಬರಲೇನ?’

‘ಬಾ. ಹ್ವಾದ ಸಲ ಬಿಟ್ಟಾಗ ಗೋಲ್ಕೊಂಡದವ್ರು ಬಿಜಾಪುರದ ಮ್ಯಾಲೆ ಹೊಂಟಿದ್ರು.’

ಆ ಗಳಿಗೆಗಾಗಿಯೇ ನಾವು ಕಾದಿದ್ದೆವು. ಎರಡು ದೊಡ್ಡವರು ಒಬ್ಬರ ಮೇಲೊಬ್ಬರು ಬಿದ್ದಾಗ ಮಾತ್ರ ಸಣ್ಣವರು ಕೈ ಚಾಚಬೇಕು, ಅದೂ ಒಂದೇ ಕೋಟೆಗೆ. ಗೆದ್ದ ಕೂಡಲೇ ಸಂಧಿ ಮಾಡಿಕೊಳ್ಳಬೇಕು, ಇನ್ನೊಂದಕ್ಕೆ ಆಸೆಪಡಬಾರದು. ಅವಳು ಹೇಳಿದ ಹಾಗೆಯೇ ಮಾಡಿ ಬಿಜಾಪುರದವರ ಆದವಾನಿ ಕೋಟೆ ಹಿಡಿದೆ. ಅವಳು ಚಪ್ಪಾಳೆ ತಟ್ಟಿದಳು. ನನಗೂ ಖುಷಿಯಾಗಿರಬೇಕು ಎಂದು ಅವಳ ಮುಖ ನೋಡಿ ಅಂದುಕೊಂಡೆ.

ಬೇಸಿಗೆ ಶುರುವಾಗಿತ್ತು. ಒಂದು ಭಾನುವಾರ ನಾವು ಆಡುತ್ತ ಕುಳಿತಾಗ ಮೆಟ್ಟಿಲ ಮೇಲೆ ಯಾರೋ ನಿಧಾನಕ್ಕೆ ಹತ್ತಿ ಬರುವ ಸಪ್ಪಳ ಕೇಳಿತು. ಅತ್ತೆ. ಹಣೆಗೆ ವಿಭೂತಿ, ಕೈಯಲ್ಲಿ ಒಂದು ಡಬ್ಬಿ. ಮಗಳ ಬಸ್ಸಿನ ನಂತರದ ಬಸ್ಸು ಹತ್ತಿ, ಮನೆ ಕೇಳುತ್ತ ಅವಳನ್ನು ಹಿಂಬಾಲಿಸಿ ಬಂದಿದ್ದರು. ನಾದಿನಿ ಎದ್ದು ನಿಂತಳು.

‘ಬರ್ರಿ, ಕುಂದರ್ರಿ,’ ಎಂದೆ.

ಅವರು ಕುಳಿತು ಸುಧಾರಿಸಿಕೊಂಡರು. ಪರದೆಯ ಕಡೆ ನೋಡಿದರು. ‘ಇದ ಏನ ಕೋಚಿಂಗು?’

ನಾನೇ ಹೇಳಿದೆ. ‘ಆಟಾ ರೀ. ರಾಜ್ಯಾ ಉಳಸೂದು.’

‘ಉಳದೈತೇನ?’

‘ಸ್ವಲ್ಪ ಉಳದೈತ್ರಿ.’

ಅವರು ಡಬ್ಬಿ ತೆಗೆದರು. ಶೇಂಗಾ ಹೋಳಿಗೆ. ಮೂವರೂ ತಿಂದೆವು. ತಿಂದಾದ ಮೇಲೆ ಕೈ ತೊಳೆದುಕೊಂಡು ಬಂದು, ನನ್ನ ಮುಖ ನೋಡದೆ ಹೇಳಿದರು. ‘ಅವನ ಲಗ್ನ ಗೊತ್ತಾಗೇತಿ. ಬೀಡಿ ಊರಿನಕಿ. ಹೊಸಾಕಿ ಮನಿಗಿ ಬಂದ ಮ್ಯಾಲೆ ಈಕಿ ಇಲ್ಲಿಗಿ ಬರೂದು ಚೊಲೋ ಅಲ್ಲ. ಆ ಹುಡಿಗಿಗೆ ಹೆಂಗ ಅನಸಬ್ಯಾಡ? ನೀ ಶಾಣ್ಯಾಕಿ ಅದಿ, ತಿಳೀತೈತಿ ನಿನಗ.’

‘ಖರೇ ಐತ್ರಿ,’ ಎಂದೆ. ಅದು ಖರೇನೇ ಇತ್ತು. ಎದೆಯಲ್ಲಿ ಏನಾದರೂ ಆಗುತ್ತದೆಯೇ ಎಂದು ಕಾದೆ. ಏನೂ ಆಗಲಿಲ್ಲ.

ನಾದಿನಿ ಹೋಗುವ ಮುಂಚೆ ಆಟವನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟಳು. ಅದು ಮುಗಿಯುವವರೆಗೆ ಅತ್ತೆ ಗೋಡೆಗೆ ಒರಗಿ ನಿದ್ದೆ ಮಾಡಿದರು. ಆಮೇಲೆ ಇಬ್ಬರನ್ನೂ ಬಸ್ಸು ಹತ್ತಿಸಿ ಬಂದೆ.

ಲಗ್ನ ಆಯಿತೆಂದು ಮಚ್ಛೆಯ ಬಸ್ ಸ್ಟಾಪಿನಲ್ಲಿ ಖಾನಾಪುರದ ಪರಿಚಯದ ಹೆಂಗಸೊಬ್ಬಳು ಹೇಳಿದಳು. ಊಟದಲ್ಲಿ ಏನೇನಿತ್ತು ಎಂದೂ ಹೇಳಿದಳು. ನಾನು ಕೇಳಿಸಿಕೊಂಡೆ. ಭಾನುವಾರಗಳಲ್ಲಿ ಒಬ್ಬಳೇ ಆಡುತ್ತಿದ್ದೆ. ಕಪ್ಪ ಕಳಿಸುತ್ತಿದ್ದೆ, ಕೋಟೆ ರಿಪೇರಿ ಮಾಡಿಸುತ್ತಿದ್ದೆ, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಆಟದಲ್ಲಿ ವರ್ಷಗಳು ಹೋದವು.

ಮಳೆ ಹಿಡಿದ ಮೇಲೆ ಒಂದು ಸಂಜೆ ಫೋನು ಬಂತು. ನಾದಿನಿಯದು. ಹಿಂದೆ ಪಾತ್ರೆಗಳ ಸದ್ದು, ಯಾರೋ ಹೊಸ ದನಿಯಲ್ಲಿ ಏನೋ ಕೇಳುತ್ತಿದ್ದರು. ‘ಬಂದೆ ವೈನಿ,’ ಎಂದು ನಾದಿನಿ ಆ ಕಡೆ ತಿರುಗಿ ಹೇಳಿದಳು. ಆಮೇಲೆ ನನಗೆ, ‘ಆರಾಮ ಅದಿಯೇನ ಅಕ್ಕಾ?’ ಎಂದಳು.

ಅಕ್ಕಾ. ಅವಳು ಯೋಚಿಸಿಯೇ ಆರಿಸಿಕೊಂಡಿರಬೇಕು. ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲಿಟ್ಟೆ. ಎಷ್ಟೋ ತಿಂಗಳ ಮೇಲೆ ಮೈಯಲ್ಲಿ ಎಲ್ಲೋ ಒಂದು ಕಡೆ ನೋಯಿತು. ಸ್ವಲ್ಪ ಹೊತ್ತು, ಅಷ್ಟೇ.

‘ಆರಾಮ ಅದೀನಿ,’ ಎಂದೆ.

‘ಪೆನುಗೊಂಡಿ?’

‘ಹ್ವಾದ ವಾರ ಹೋತು. ಮೈಸೂರದವ್ರು ಬಂದ್ರು. ಅವ್ರ ಕಡೆ ನಾ ನೋಡಿದ್ದೇ ಇಲ್ಲ, ಸಣ್ಣವ್ರು ಅಂತ.’

‘ಅಯ್ಯ! ಹಂಗಾರ ಈಗ ಏನ್ ಉಳದೈತಿ?’

‘ಚಂದ್ರಗಿರಿ.’

‘ಅಲ್ಲಿ ಕೋಟಿ ಗಟ್ಟಿ ಐತಿ. ಈಗ ತಂಜಾವೂರದವ್ರನ್ನ ಮಾತಾಡ್ಸು. ದಂಡ ಕೇಳಬ್ಯಾಡ, ಅಕ್ಕಿ ಕೇಳು,’ ಎಂದಳು. ಅವಳನ್ನು ಮತ್ತೆ ಯಾರೋ ಕರೆದರು. ನಾನು ಗ್ಯಾಸು ಸಣ್ಣಗೆ ಮಾಡಿ, ಚಾಪೆಯ ಮೇಲೆ ಕುಳಿತು, ಕಂಪ್ಯೂಟರು ಹಚ್ಚಿದೆ.