ಗದ್ವಾಲದ ಮಗ್ಗದ ಮುಂದೆ ಹುಲ್ಲಿನಂಗಳದ ಟೆನಿಸ್

ಮದುವೆಯ ಶಾಸ್ತ್ರಗಳು ಮುಗಿದು, ನೆಂಟರೆಲ್ಲ ಚದುರಿದ ಮೇಲೆ, ರಾಯಚೂರಿನ ಆಚೆ, ತೆಲಂಗಾಣದ ಗದ್ವಾಲದ ಮನೆಯಲ್ಲಿ ಅದು ನನ್ನ ಮೊದಲ ಬೆಳಗು. ಕೋಣೆಯಿಂದ ಹೊರಗೆ ಬಂದಾಗ ನಡುಮನೆಯಲ್ಲಿ ಮೂವರಿದ್ದರು. ಪಾಠ ಹೇಳುವ ಮಕ್ತಲ್‌ನ ಶಾಲೆಗೆ ಹೊರಡಲು ಬಸ್ಸಿನ ಹೊತ್ತು ನೋಡುತ್ತಿದ್ದ ನನ್ನ ಗಂಡ, ಹಗ್ಗದ ಹೊರಸಿನ ಮೇಲೆ ಕೂತು ಚಹಾವನ್ನು ಬಸಿಗೆ ಸುರುವಿಕೊಳ್ಳುತ್ತಿದ್ದ ಮಾವ, ಮತ್ತು ಸೊಂಟದವರೆಗೆ ನೆಲದೊಳಗೆ ಇಳಿದಿದ್ದ ಅತ್ತೆ.

ಹೌದು, ನೆಲದೊಳಗೆ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅತ್ತೆಗೆ ಅದು ಕಂಡಿತು.

“ಬಾರವ್ವ, ಯಾಕ ಹಂಗ ನಿಂತಿ? ನಾ ಏನ್ ಭೂಮ್ಯಾಗ ಹೋಗಿಲ್ಲ. ಅದಕ ಇನ್ನಾ ಭಾಳ ದಿನ ಐತಿ.”

ಅದು ಕುಣಿಮಗ್ಗ. ಮನೆಯೊಳಗೇ ನೆಲ ತೋಡಿ, ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ಮಣೆ ತುಳಿಯುತ್ತಾ ನೇಯುತ್ತಾರೆ. ನಮ್ಮದೂ ಹೆಸರಿಗೆ ನೇಕಾರರ ಮನೆತನವೇ, ಆದರೆ ಮೈಸೂರಿನಲ್ಲಿ ನಮ್ಮ ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟಾಗಿತ್ತು. ಅಡ್ಡ ಎಳೆಯನ್ನು ಆಚೀಚೆ ಒಯ್ಯುವ ಲಾಳಿಯನ್ನು ನಾನು ಕಂಡದ್ದು ಗದ್ವಾಲದಲ್ಲೇ ಮೊದಲು.

ಮೈಸೂರಿನಲ್ಲಿ ನನ್ನ ಅಪ್ಪ ಒಂದು ಟೆನಿಸ್ ಕ್ಲಬ್ಬಿನ ಅಂಗಳ ನೋಡಿಕೊಳ್ಳುವವರು. ಬೆಳಕು ಹರಿಯುವ ಮುಂಚೆ ಕೆಂಪು ಮಣ್ಣಿಗೆ ನೀರು ಹಾಕಿ, ಉರುಳೆ ಎಳೆದು, ದಾರ ಕಟ್ಟಿ ಸುಣ್ಣದ ಗೆರೆ ಹಾಕುತ್ತಿದ್ದರು. ಪ್ರತಿವರ್ಷ ಜೂನ್ ಮುಗಿಯುತ್ತಾ ಜುಲೈ ಹತ್ತಿರವಾದರೆ ಇಂಗ್ಲೆಂಡಿನಲ್ಲಿ ಹುಲ್ಲಿನ ಅಂಗಳದ ಪಂದ್ಯಾವಳಿ ಶುರುವಾಗುತ್ತದಲ್ಲ, ಆ ಎರಡು ವಾರ ಕ್ಲಬ್ಬಿನ ಆಫೀಸಿನ ಟಿವಿ ಮುಂದೆ ನನಗೂ ಅಪ್ಪನಿಗೂ ಒಂದು ಬೆಂಚು. ಅಪ್ಪ ಚೆಂಡಿಗಿಂತ ನೆಲ ನೋಡುತ್ತಿದ್ದರು. ಮೊದಲ ದಿನ ಗಿಳಿಯ ರೆಕ್ಕೆಯ ಹಾಗೆ ಹಸಿರಾಗಿದ್ದ ಹುಲ್ಲು, ಹಿಂದಿನ ಗೆರೆಯ ಹತ್ತಿರ ದಿನದಿನಕ್ಕೂ ಸವೆದು, ಫೈನಲ್ ಹೊತ್ತಿಗೆ ಬರೀ ಮಣ್ಣಾಗುತ್ತದೆ. “ಕೊನೆಗೆ ನಮ್ಮ ಅಂಗಳಾನೇ ಆಯ್ತಲ್ಲೇ” ಎಂದು ಅವರು ಸಂತೋಷಪಡುತ್ತಿದ್ದರು. ಹೆಂಗಸರ ಆಟ ಅವರಿಗೆ ಹೆಚ್ಚು ಪ್ರೀತಿ. “ಗಂಡಸರದು ಒಂದೇಟಿಗೆ ಮುಗಿದುಹೋಗುತ್ತೆ ಮಗಳೇ. ಇವರದು ನೋಡು, ಮಾತಿಗೆ ಮಾತು ಬೆಳೀತಾ ಹೋದ ಹಾಗೆ.”

ಹಾಗೆ ನಾನು ಕಾಲೇಜು ಸೇರಿದ ವರ್ಷದಿಂದ ಒಬ್ಬಳ ಹಿಂದೆ ಬಿದ್ದಿದ್ದೆ. ಎಡಗೈಯವಳು. ವರ್ಷ ವರ್ಷವೂ ಬರುತ್ತಿದ್ದಳು, ಎಂಟರ ಘಟ್ಟದಲ್ಲೋ ನಾಲ್ಕರ ಘಟ್ಟದಲ್ಲೋ ಸೋತು, ಚೀಲ ಹೆಗಲಿಗೇರಿಸಿ ಹೋಗುತ್ತಿದ್ದಳು. ಮದುವೆಯಾಗಿ ಹೊರಟಾಗ ಎಲ್ಲರೂ ನನಗೆ ಬಿಸಿಲಿನ ಬಗ್ಗೆ, ಜೋಳದ ರೊಟ್ಟಿಯ ಬಗ್ಗೆ ಹೆದರಿಸಿದರು. ನನಗಿದ್ದ ಹೆದರಿಕೆ ಬೇರೆ. ಆ ಮನೆಯಲ್ಲಿ ನನ್ನ ಆಟ ಇರುತ್ತದೆಯೇ? ಆ ಎರಡು ವಾರಗಳನ್ನು ಇಲ್ಲಿಗೇ ಬಿಟ್ಟುಹೋಗಬೇಕೇ?

ರೊಟ್ಟಿ ಮೂರು ತಿಂಗಳಲ್ಲಿ ಬಂತು. ಪುಂಡಿಪಲ್ಯದ ಹುಳಿಗೆ ನಾಲಗೆ ಒಗ್ಗಿತು. ಮಾತು ಮಾತ್ರ ಬೇಗ ಬಗ್ಗಲಿಲ್ಲ. ನಾನು ‘ಆಸ್ಪತ್ರೆ’ ಎಂದರೆ ಇಲ್ಲಿ ದವಾಖಾನೆ, ‘ಬೇಗ’ ಎಂದರೆ ಜಲ್ದಿ. ಒಂದೇ ಮಾತು ಕನ್ನಡದಲ್ಲಿ ಹೊರಟು, ನಡುವೆ ತೆಲುಗಿನ ಮನೆಗೊಂದು ಹೆಜ್ಜೆ ಹಾಕಿ, ಉರ್ದುವಿನಲ್ಲಿ ಕಾಲು ತೊಳೆದು ಒಳಗೆ ಬರುತ್ತಿತ್ತು. ನಾನು ಮೈಸೂರು ಕನ್ನಡದಲ್ಲಿ ಬಾಯಿ ತೆರೆದರೆ ಓಣಿಯ ಹೆಂಗಸರು “ರೇಡಿಯೋ ಹಚ್ಯಾಳ ನೋಡ್ರಿ” ಎಂದು ನಗುತ್ತಿದ್ದರು. ಆದ್ದರಿಂದ ನಾನು ಬಾಯಿ ತೆರೆಯುವುದನ್ನೇ ಕಡಿಮೆ ಮಾಡಿದೆ.

ಮೊದಲ ಜುಲೈನಲ್ಲಿ ಟಿವಿ ಕೇಳುವ ಧೈರ್ಯವಾಗಲಿಲ್ಲ. ಸಂಜೆ ಅತ್ತೆಯ ತೆಲುಗು ಧಾರಾವಾಹಿ. ನಾನು ಬಚ್ಚಲ ಹಿಂದೆ ನಿಂತು ಅಪ್ಪನಿಗೆ ಫೋನು ಹಚ್ಚಿ, ಪಿಸುದನಿಯಲ್ಲಿ ಅಂಕ ಕೇಳಿಕೊಳ್ಳುತ್ತಿದ್ದೆ. ಒಂದು ದಿನ ಅತ್ತೆ ಹಿಂದೆಯೇ ಬಂದು ನಿಂತಿದ್ದರು.

“ಆರು-ನಾಕು, ಆರು-ಮೂರು ಅಂತಿದ್ದಿಯಲ್ಲ, ಖರೇ ಹೇಳು, ಮಟಕಾ ಆಡತಿ ಏನು?”

ನಾನು ಎಲ್ಲ ಹೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. “ಇಷ್ಟಕ್ಕ ಬಚ್ಚಲ ಹಿಂದ ನಿಂತೇನು? ಸೊಳ್ಳಿ ಕಡದು ಜ್ವರ ಬಂದ್ರ ನಿಮ್ಮಪ್ಪಗ ಯಾರ ಜವಾಬು ಹೇಳಬೇಕು?”

ಮರುವರ್ಷ ನನ್ನ ಗಂಡ ಟಿವಿಗೆ ಆಟದ ಚಾನೆಲ್ ಹಾಕಿಸಿದರು. ಮೊದಲ ಪಂದ್ಯ ನೋಡಿದ ಅತ್ತೆಗೆ ಒಂದೇ ಚಿಂತೆ. “ಎಲ್ಲಾರೂ ಬಿಳೇವೇ ಹಾಕ್ಯಾರಲ್ಲ. ಯಾರ ಸತ್ತಾರ? ಇಷ್ಟ ಚಂದ ಹುಡುಗೇರು, ಒಂದ್ ಬೆರಳಷ್ಟಾರ ಅಂಚು ಬ್ಯಾಡೇನು?” ನನ್ನ ಎಡಗೈಯವಳಿಗೆ ಅವರೇ ‘ರೊಡ್ಡಿ’ ಎಂದು ಹೆಸರಿಟ್ಟರು. ಇಲ್ಲಿ ಎಡಗೈಯವರಿಗೆ ರೊಡ್ಡ, ರೊಡ್ಡಿ ಎನ್ನುತ್ತಾರೆ. ಇವತ್ತಿಗೂ ಅವಳ ನಿಜವಾದ ಹೆಸರು ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಆ ವರ್ಷ ರೊಡ್ಡಿ ಫೈನಲ್ಲಿಗೆ ಬಂದಳು.

ಅದೇ ಶನಿವಾರ ಮಗ್ಗದ ಮೇಲೆ ನಾರಾಯಣಪೇಟೆಗೆ ಹೋಗಬೇಕಾದ ಸೀರೆಯಿತ್ತು. ಅಲ್ಲಿಗೆ ಕೊಟ್ಟ ನನ್ನ ಗಂಡನ ಅಕ್ಕನ ಮಗಳಿಗೆ ಬುಧವಾರ ನಿಶ್ಚಯ. ನಾರಾಯಣಪೇಟೆಯಲ್ಲಿ ಮನೆಗೊಬ್ಬ ನೇಕಾರ, ಅವರ ಮುಂದೆ ಬಿಚ್ಚುವ ಗದ್ವಾಲದ ಸೀರೆ. ನಮ್ಮ ಸೀರೆಯ ಮೈ ಹತ್ತಿಯ ನೂಲು, ಅಂಚು ರೇಷ್ಮೆ. ಎರಡನ್ನೂ ನೇಯುತ್ತಲೇ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದಕ್ಕೆ ಇಬ್ಬರು ಬೇಕು. ಎಡಕ್ಕೆ ಅತ್ತೆ, ಬಲಗಡೆಯ ಅಂಚಿಗೆ ಇಷ್ಟು ದಿನ ಮಾವ. ಮಾವನಿಗೆ ಆ ವಾರ ಒಂದು ಕಣ್ಣಿನ ಪೊರೆ ತೆಗೆದು ಹಸಿರು ಬಟ್ಟೆ ಕಟ್ಟಿದ್ದರು, ಇನ್ನೊಂದರಲ್ಲಿ ಮಂಜು. ಹಾಗಾಗಿ ಬಲಗಡೆ, ಒಂದು ವರ್ಷದಿಂದ ಅತ್ತೆಯ ಹತ್ತಿರ ಕೈ ಪಳಗಿಸಿಕೊಂಡಿದ್ದ ನಾನು. ಅಂಚಿನಲ್ಲಿ ಕೋಟೆಗೋಡೆಯ ತಲೆಯ ಮೇಲಿನ ತೆನೆಯಂಥ ಹಲ್ಲುಗಳು. ಲಾಳಿ ಹನ್ನೆರಡು ಸಲ ಹೋದರೆ ಹಲ್ಲು ಏರುತ್ತದೆ, ಹನ್ನೆರಡು ಸಲಕ್ಕೆ ಇಳಿಯುತ್ತದೆ. ನನ್ನ ಕೆಲಸ ಆ ಎಣಿಕೆ ತಪ್ಪದಿರುವುದು.

ಸಂಜೆ ಆಟದ ಹೊತ್ತಾಯಿತು. ನಾನು ಏಳಲಿಲ್ಲ, ಕೇಳಲೂ ಇಲ್ಲ. ಅತ್ತೆಯೇ ಮಗನನ್ನು ಕೂಗಿದರು. “ಆ ಟಿವಿ ಇತ್ಲಾಗ ತಿರುವಪ್ಪ, ಮಗ್ಗದ ಕಡೆ. ಇಲ್ಲಾಂದ್ರ ಈಕಿ ಕುತಗಿ ಉಳುಕತೈತಿ.”

ಟಿವಿ ತಿರುಗಿತು. ಹೊರಸಿನ ಮೇಲಿಂದ ಮಾವ ಗೊಣಗಿದರು. “ನಿಮಗೆಲ್ಲ ಕಾಣತೈತಿ, ನನಗೇನು? ಯವ್ವಾ ಸೊಸಿ, ಏನ್ ನಡದೈತಿ ಹೇಳು.”

“ಅವಳು ಸರ್ವ್ ಮಾಡ್ತಿದಾಳೆ ಮಾವಾರ...”

“ರೇಡಿಯೋ ಬ್ಯಾಡವ್ವ. ನಮಗ ತಿಳಿಯಾಂಗ ಹೇಳು.”

“ರೊಡ್ಡಿ ಚೆಂಡ ಮ್ಯಾಲ ಒಗದ್ಲು ನೋಡ್ರಿ. ಹೊಡದ್ಲು. ಆಕಿ ತಿರುಗಿ ಹೊಡದ್ಲು. ಮೂಲಿಗೆ ಹೋತು. ರೊಡ್ಡಿ ಓಡ್ಯಾಳ... ಸಿಕ್ಕತು!”

“ಹಂಗ! ಈಗ ಕಣ್ಣ ಬಂತು ನನಗ.”

ಅಂಕ ಹೇಳುವುದೇ ಕಷ್ಟವಾಯಿತು. “ಹದಿನೈದು, ಮೂವತ್ತು, ಆಮ್ಯಾಲ ನಲವತ್ತು? ನಲವತ್ತೈದ ಆಗಬೇಕಲ್ಲ! ಐದು ಯಾರ ನುಂಗಿದ್ರು?” ಎಂದು ಮಾವ. “ಸುಮ್ಕಿರ್ರಿ, ಆಕಿನ್ನ ಎಣಿಸಾಕ ಬಿಡ್ರಿ” ಎಂದು ಅತ್ತೆ. ಲಾಳಿ ಆಕಡೆ ಈಕಡೆ, ಚೆಂಡು ಆಕಡೆ ಈಕಡೆ. ಒಂದು ವರ್ಷ ಮುಚ್ಚಿಕೊಂಡಿದ್ದ ನನ್ನ ಬಾಯಿ ಒಂದು ಗಂಟೆಯಲ್ಲಿ ಬಿಚ್ಚಿಕೊಂಡಿತು. ಮೊದಲ ಸೆಟ್ ಆರು-ಆರಕ್ಕೆ ನಿಂತು ಟೈಬ್ರೇಕರ್ ಬಂತು, ಅದರಲ್ಲಿ ಎರಡಂಕ ಮುಂದೆ ಹೋದವಳಿಗೆ ಸೆಟ್. “ಇದರಾಗೂ ಆರು-ಆರ್ರಿ! ಏಳು-ಆರು! ಏಳು-ಏಳು! ಎಂಟು! ಒಂಬತ್ತು! ಗೆದ್ಲು, ರೊಡ್ಡಿ ಗೆದ್ಲು!” ನಾನು ಲಾಳಿ ಎತ್ತಿ ಕುಣಿದೆ. ಮಾವ ಹೊರಸಿನ ಮೇಲೆಯೇ ಚಪ್ಪಾಳೆ ತಟ್ಟಿದರು.

ಆದರೆ ಮುಂದಿನ ಎರಡೂ ಸೆಟ್ ಹೋದವು. ರೊಡ್ಡಿ ಸೋತಳು. ಟವೆಲ್ಲಿನಲ್ಲಿ ಮುಖ ಮುಚ್ಚಿ ಕೂತಳು. ನೇಯ್ದ ಬಟ್ಟೆಯ ಮೇಲೆ ಅತ್ತೆ ಆಡಿಸುತ್ತಿದ್ದ ಬೆರಳು ಒಂದು ಕಡೆ ನಿಂತಿತು.

“ಈ ಹಲ್ಲು ಉದ್ದ ಆಗೇತಿ.”

ಬಗ್ಗಿ ನೋಡಿದೆ. ಒಂದು ಗೇಣು ಹಿಂದೆ, ಬಲಗಡೆಯ ಅಂಚಿನಲ್ಲಿ, ಒಂದು ಹಲ್ಲು ಮಾತ್ರ ಉಳಿದವುಗಳಿಗಿಂತ ತಲೆಯೆತ್ತಿ ನಿಂತಿತ್ತು. ಹನ್ನೆರಡರ ಜಾಗದಲ್ಲಿ ಹದಿನಾಲ್ಕು. ನಾನು ಲಾಳಿ ಎಣಿಸುವುದು ಬಿಟ್ಟು ಟೈಬ್ರೇಕರ್ ಎಣಿಸಿದ್ದೆ. ನಾರಾಯಣಪೇಟೆಯಲ್ಲಿ ಅದನ್ನು ಕಾಣಲು ಯಾರಿಗೂ ಕನ್ನಡಕ ಬೇಕಾಗಿರಲಿಲ್ಲ.

“ಅತ್ತಿ, ತಪ್ಪಾತ್ರಿ. ಇನ್ನ ಮ್ಯಾಲ ನಾ ಟಿವಿ ಹಚ್ಚೂದಿಲ್ಲ. ಈ ಆಟಾನೇ ಬ್ಯಾಡ” ಎಂದು ಅತ್ತೇಬಿಟ್ಟೆ.

ಅತ್ತೆ ಕೈಯ ಲಾಳಿ ಕೆಳಗಿಟ್ಟರು. “ನಿಮ್ಮಪ್ಪ ಗೆರಿ ಸೊಟ್ಟ ಎಳದ್ರ ಏನ್ ಮಾಡ್ತಾನ?”

“ಅಳಿಸಿ ಮತ್ತ ಎಳೀತಾರ.”

“ಅಂಗಳಾನೇ ಬ್ಯಾಡ ಅಂತ ಮನಿಗೆ ಹೋಗಾಂಗಿಲ್ಲಲ್ಲ? ಮುಂಜಾನಿ ಬಿಚ್ಚೂಣು. ಈಗ ಉಣ್ಣಾಕ ನಡಿ.”

ಭಾನುವಾರ ಬೆಳಗಿನಿಂದ ಇಬ್ಬರೂ ಒಂದೊಂದೇ ಎಳೆ ಹಿಂದಕ್ಕೆ ತೆಗೆದೆವು. ನೇಯುವುದಕ್ಕಿಂತ ಬಿಚ್ಚುವುದಕ್ಕೆ ಹೆಚ್ಚು ಹೊತ್ತು. ರೇಷ್ಮೆ ಹರಿಯಬಾರದು, ನೂಲು ಜುಂಗು ಏಳಬಾರದು. ಮಧ್ಯಾಹ್ನ ಆ ಉದ್ದನೆಯ ಹಲ್ಲು ಮಾಯವಾದಾಗ ನನಗೆ, ನಗಬೇಡಿ, ಸ್ವಲ್ಪ ಬೇಸರವಾಯಿತು. ರೊಡ್ಡಿ ಗೆದ್ದ ಒಂದೇ ಸೆಟ್ಟು ಅದರೊಳಗಿತ್ತು. ಮತ್ತೆ ನೇಯಲು ಕೂತಾಗ ಅತ್ತೆ ಹೊಸ ಕಾನೂನು ಮಾಡಿದರು. “ಇನ್ನ ಮ್ಯಾಲ ಆಟ ಇದ್ದ ದಿನ ಎರಡೂ ಕಡಿ ನಾನಾ ಎಣಸ್ತೀನಿ. ನೀ ಹೇಳಾಕಿ. ಒಂದ ತಲ್ಯಾಗ ಎರಡ ಲೆಕ್ಕ ಬ್ಯಾಡ.”

ಮಂಗಳವಾರ ಸೀರೆ ಮಗ್ಗದಿಂದ ಇಳಿಯಿತು. ಬುಧವಾರ ನಾರಾಯಣಪೇಟೆಯ ಹೆಂಗಸರು ಅದನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಕೆರೆದು ನೋಡಿದರು. ಒಬ್ಬ ಹಿರಿಯಾಕೆ ಕೇಳಿದರು, “ಬಲಗಡಿ ಯಾರ ಕುಂತಿದ್ರು?” ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, “ನಮ್ಮ ಸೊಸಿ. ಆಕಿಗೆ ನೋಡಿದ್ದು ಹೇಳಾಕೂ ಬರತೈತಿ” ಎಂದರು. ಅದೇನು ಹೊಗಳಿಕೆ ಎಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ.

ಮುಂದಿನ ವರ್ಷ ಅಪ್ಪ ಕಾಲು ಮುರಿದುಕೊಂಡರು. ಫೈನಲ್ ದಿನ ನಾನು ಮೈಸೂರಿನಲ್ಲಿದ್ದೆ, ಅಪ್ಪನ ಮಂಚದ ಪಕ್ಕ. ರೊಡ್ಡಿ ಆ ವರ್ಷ ಮೂರನೆಯ ಸುತ್ತಿನಲ್ಲೇ ಹೋಗಿದ್ದಳು, ಬೇರೆ ಇಬ್ಬರು ಆಡುತ್ತಿದ್ದರು. ಆಟ ಶುರುವಾಗಿ ಎರಡು ಗೇಮ್ ಆಗುವಷ್ಟರಲ್ಲಿ ಮಾವನ ಫೋನು.

“ಯವ್ವಾ, ಟಿವಿ ಹಚ್ಚೀವಿ. ಎರಡೂ ಕಣ್ಣ ಬರೋಬ್ಬರಿ ಆಗ್ಯಾವ, ಎಲ್ಲಾ ಕಾಣತೈತಿ. ಆದ್ರ ಏನೂ ತಿಳಿವಲ್ಲದು. ನೀ ಹೇಳು. ನಿಮ್ಮತ್ತಿ ಮಗ್ಗದಾಗ ಕುಂತಾಳ, ಆಕಿನೂ ಕೇಳತಾಳ.”

ನಾನು ಅಪ್ಪನ ಮುಖ ನೋಡಿದೆ. ಇಷ್ಟು ವರ್ಷ ಆಟದ ನಡುವೆ ನಮ್ಮಿಬ್ಬರದು ಬೇರೆಯದೇ ಮಾತು. ಅಪ್ಪ ರಿಮೋಟು ತೆಗೆದುಕೊಂಡು ಟಿವಿಯ ದನಿ ಪೂರಾ ಇಳಿಸಿದರು. ನಾನು ಫೋನು ಕಿವಿಗೆ ಒತ್ತಿಕೊಂಡು, “ಕೇಳ್ರಿ ಮಾವಾರ, ಈಗ ಆಚಿ ಕಡಿಯಾಕಿ ಹೊಡಿಯಾಕ ನಿಂತಾಳ” ಎಂದು ಶುರುಮಾಡಿದೆ. ಆಟ ಮುಗಿಯುವವರೆಗೂ ಹೇಳುತ್ತಲೇ ಇದ್ದೆ. ಅಪ್ಪ ದಿಂಬಿಗೆ ಒರಗಿ, ಮಗಳ ಆ ಗದ್ವಾಲದ ಮಾತನ್ನು ಅರ್ಧ ತಿಳಿದೂ ಅರ್ಧ ತಿಳಿಯದೆಯೂ, ಕೊನೆಯವರೆಗೆ ಕೇಳಿದರು.